ಶಿಬಿರವೇನೋ ನಡೆಯಿತು, ಫಲ?

ಅಡಿಕೆಗೆ ಬೋರ್ಡೋ ಹೊಡೆದ ಮೇಲೆ ಎಷ್ಟು ಡ್ರಮ್ಮು ದ್ರಾವಣ ಖರ್ಚಾಯಿತೆಂದು ಎಣಿಸಿ ಯಾರೂ ತೃಪ್ತಿಪಡುವುದಿಲ್ಲ. ಕೊಳೆ ನಿಂತಿತೇ ಎಂದು ಗೊನೆಯತ್ತ ಕತ್ತೆತ್ತಿ ನೋಡುತ್ತೇವೆ. ಮಾನಸಿಕ ಆರೋಗ್ಯದ ಜಾಗೃತಿ ಶಿಬಿರಗಳಲ್ಲಿ ಮಾತ್ರ ಡ್ರಮ್ಮಿನ ಲೆಕ್ಕವೇ ಸಾಕೆನಿಸಿದೆ. ಇಷ್ಟು ಜನ ಬಂದರು, ಇಷ್ಟು ಕರಪತ್ರ ಹಂಚಿದೆವು, ವಂದನಾರ್ಪಣೆಯೊಂದಿಗೆ ಮುಗಿಯಿತು. ನಮ್ಮ ಸಂಘದ ಸಭಾಂಗಣದಲ್ಲಿ ನಡೆದ ಶಿಬಿರವೂ ಇದೇ ರೀತಿಯದು. ಅನಂತರ ಎಷ್ಟು ಮಂದಿ ವೈದ್ಯರ ಬಳಿ ಹೋದರು, ಎಷ್ಟು ಮಂದಿ ಆರು ತಿಂಗಳಾದರೂ ಔಷಧ ಬಿಟ್ಟಿಲ್ಲ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ. ಹೆಸರುಗಳು ಬೇಡ, ಸಂಖ್ಯೆಯಾದರೂ ಬೇಡವೇ?

ನೆರೆಯ ಶ್ರೀಲಂಕೆಯವರು ಈ ಲೆಕ್ಕವನ್ನು ಇಟ್ಟು ನೋಡಿದ್ದಾರೆ. ಕೃಷಿಕರ ಮನೆಗಳಲ್ಲಿ ಕೀಟನಾಶಕ ಸೇವನೆಯಿಂದಾಗುವ ಸಾವುಗಳನ್ನು ತಡೆಯಲು ಬೀಗ ಹಾಕುವ ಪೆಟ್ಟಿಗೆ ಹಂಚುವ ಯೋಜನೆ ಅದು. ದುಡುಕಿನ ಗಳಿಗೆ ಕಳೆದರೆ ಜೀವ ಉಳಿಯುತ್ತದೆಂಬ ಯೋಚನೆ ಯಾರಿಗಾದರೂ ಒಪ್ಪಿಗೆಯಾಗುವಂಥದೇ, ನಮಗೂ ಆಗಿತ್ತು. ಆದರೆ ಅವರು ಪೆಟ್ಟಿಗೆ ಹಂಚಿ ಫೋಟೋ ತೆಗೆಸಿಕೊಂಡು ಸುಮ್ಮನಾಗಲಿಲ್ಲ. 180 ಹಳ್ಳಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, 90 ಹಳ್ಳಿಗಳ 27 ಸಾವಿರಕ್ಕೂ ಮಿಕ್ಕಿದ ಮನೆಗಳಿಗೆ ಪೆಟ್ಟಿಗೆ ಕೊಟ್ಟು, ಉಳಿದ 90ಕ್ಕೆ ಕೊಡದೆ, ಮೂರು ವರ್ಷ ಎರಡೂ ಕಡೆಯ ಲೆಕ್ಕವಿಟ್ಟರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಪೆಟ್ಟಿಗೆಯಿಂದ ಉಪಯೋಗವಾದುದಕ್ಕೆ ಯಾವ ಆಧಾರವೂ ಸಿಗಲಿಲ್ಲ.

ಅದೇ ದೇಶದಲ್ಲಿ ಕೆಲಸ ಮಾಡಿದ್ದು ಬೇರೆಯೇ. ಅತಿ ವಿಷಕಾರಿ ವರ್ಗದ ಕೀಟನಾಶಕಗಳನ್ನು 1995ರಲ್ಲಿಯೂ, ಎಂಡೋಸಲ್ಫಾನನ್ನು 1998ರಲ್ಲಿಯೂ ನಿರ್ಬಂಧಿಸಲಾಯಿತು. 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಭತ್ತದ ಇಳುವರಿಗೆ ಅದರಿಂದ ಪೆಟ್ಟು ಬಿದ್ದುದೂ ಕಾಣಲಿಲ್ಲ.

ಶಿಬಿರಗಳೇ ಬೇಡವೆಂದು ನಾವು ಹೇಳುತ್ತಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾಡಿದ ಕೆಲಸವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಊರಿನ ಹತ್ತಿರವೇ ಔಷಧ ಸಿಗುವುದು, ಬಿಟ್ಟವರನ್ನು ಹುಡುಕಿಕೊಂಡು ಹೋಗುವುದು ಅದರ ಜೀವಾಳ. ಒಂದು ದಿನದ ಭಾಷಣಕ್ಕೂ ಇದಕ್ಕೂ ಬಹಳ ಅಂತರ.

ಇನ್ನು ನಮ್ಮ ಮಳಿಗೆಯ ಮಾತು. ಬದಲಿ ಔಷಧ ಇರುವಲ್ಲಿ ಕೆಂಪು ಗುರುತಿನ ಡಬ್ಬಿಗಳನ್ನು ತರಿಸುವುದು ನಿಲ್ಲಿಸಬಾರದೇಕೆ? ಸದಸ್ಯರು ಪೇಟೆಯಲ್ಲಿ ಕೊಳ್ಳುತ್ತಾರೆಂಬ ಆಕ್ಷೇಪ ಬಂದೇ ಬರುತ್ತದೆ. ನಿಜ, ಶ್ರೀಲಂಕೆಯದು ಸರಕಾರದ ಕಾನೂನು, ನಮ್ಮದು ಒಂದು ಅಂಗಡಿ. ಆದರೂ ಈ ವಿಷಯವನ್ನು ಮಹಾಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಆಡಳಿತ ಮಂಡಳಿಯನ್ನು ಬರಹದಲ್ಲಿ ಕೇಳಿದ್ದೇವೆ. ಅಂದಹಾಗೆ, ಮನಸ್ಸಿಗೆ ತೀರಾ ಸಂಕಟವಾದವರು 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡುತ್ತಾರೆ.