ಪೊಲೀಸರಿಗೆ ಫೋನ್ ಹೋಗುತ್ತೆ, ಮನೋವೈದ್ಯರಿಗೆ?

ನಮ್ಮ ಹೊಳೆಮಣ್ಣೂರ ಕಡೆ ‘ಎಣ್ಣಿ ಕುಡದಾನ’ ಅಂದ್ರೆ ಯಾವ ಎಣ್ಣೆ ಅಂತ ಯಾರೂ ಕೇಳೋದಿಲ್ಲ. ಬೆಳೆಗೆ ಹೊಡೆಯೋ ಔಷಧಿ ಅಂತ ಎಲ್ಲರಿಗೂ ಗೊತ್ತು. ಮಲಪ್ರಭೆಯ ನೆರೆ (2009, 2019), ಬರ, ಸಾಲ, ಕುಡಿತ, ಮನೆಯ ಜಗಳ... ಕಾರಣ ಯಾವತ್ತೂ ಒಂದೇ ಇರೋದಿಲ್ಲ. ಅದರ ಬಗ್ಗೆ ಬಹಳ ಜನ ಬರೆದಿದ್ದಾರೆ. ನನ್ನ ತಕರಾರು ಆಮೇಲಿನದರ ಬಗ್ಗೆ. ಬದುಕಿ ಉಳಿದವರನ್ನು ಆಸ್ಪತ್ರೆ ಏನು ಮಾಡುತ್ತೆ?

ಹೊಟ್ಟೆ ತೊಳೀತಾರೆ, ಐಸಿಯುನಲ್ಲಿ ಇಡ್ತಾರೆ. ಎಂಎಲ್‌ಸಿ ಅಂತ ಬರೆದು ಪೊಲೀಸರಿಗೆ ಫೋನ್ ಮಾಡ್ತಾರೆ. ಉಸಿರಾಟ ಸರಿಯಾದ ಮೇಲೆ ಡಿಸ್ಚಾರ್ಜ್. ನಮ್ಮ ಓಣಿಯ ಒಬ್ಬರಿಗೆ ಹೀಗೇ ಆಯ್ತು. ಆ ಕಾರ್ಡನ್ನು ನಾನೇ ಓದಿದ್ದೇನೆ: ಮಾತ್ರೆಗಳ ಹೆಸರು, ‘ಒಂದು ವಾರ ಬಿಟ್ಟು ಬರುವುದು’. ಅಷ್ಟೇ. ‘ಯಾಕ ಕುಡಿದಿ? ಇನ್ನೂ ಹಂಗ ಅನಸ್ತದೇನು?’ ಅಂತ ಅಲ್ಲಿ ಯಾರೂ ಕೇಳಲಿಲ್ಲವಂತೆ!

2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಓದಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಅದು ಮರುಕಳಿಸದಂತೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ. ಆದರೆ ಎಷ್ಟು ತಾಸಿನೊಳಗೆ, ಯಾರು ನೋಡಬೇಕು? ಆ ಕಲಂ ಹೇಳೋದಿಲ್ಲ.

ನಾನು ಸಾಫ್ಟ್‌ವೇರಿನವನು. ನಮ್ಮಲ್ಲಿ ಸರ್ವರ್ ಮಲಗಿದರೆ ಎಷ್ಟು ನಿಮಿಷದಲ್ಲಿ ಯಾರು ಉತ್ತರ ಕೊಡಬೇಕು ಅಂತ ಒಪ್ಪಂದ ಇರುತ್ತೆ. ಮನುಷ್ಯನಿಗೆ ಇರಬಾರದೇ? ಇಂಗ್ಲೆಂಡಿನ ಜನರಲ್ ಆಸ್ಪತ್ರೆಗಳಲ್ಲಿ ವಾರ್ಡಿಗೇ ಬಂದು ನೋಡುವ ಮನೋವೈದ್ಯ ತಂಡಕ್ಕೆ ‘ಲಿಯೇಸಾನ್ ಸೈಕಿಯಾಟ್ರಿ’ ಅಂತಾರೆ. ತುರ್ತು ಇದ್ದರೆ 1 ತಾಸು, ವಾರ್ಡಿನ ಕರೆಗೆ 24 ತಾಸು - ಇದು ಅವರ ಗುರಿ. ಅಲ್ಲೂ ಎಲ್ಲ ಕಡೆ ಪಾಲನೆ ಆಗೋದಿಲ್ಲ, ನಿಜ. ಆದರೆ ತಪ್ಪಿದರೆ ‘ತಪ್ಪಿತು’ ಅನ್ನೋಕೆ ಅಳತೆಗೋಲಾದರೂ ಇದೆ.

‘ರೋಣದಾಗ ಮನೋವೈದ್ಯರನ್ನ ಎಲ್ಲಿಂದ ತರೂಣು?’ ಅಂತೀರಿ. ಸರಿ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಕಡೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯ್ತು. ಹೀಗೆ ಆಸ್ಪತ್ರೆಗೆ ಬಂದವರ ಜೊತೆ ಒಂದು ತಾಸು ಮಾತು, ಆಮೇಲೆ 18 ತಿಂಗಳು ಆಗಾಗ ಫೋನು ಇಲ್ಲವೇ ಭೇಟಿ. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಆತ್ಮಹತ್ಯೆಯಿಂದ ಸತ್ತವರು 2.2%, ಈ ಗುಂಪಿನಲ್ಲಿ 0.2%. ಇದಕ್ಕೆ ಮನೋವೈದ್ಯರೇ ಬೇಕಿಲ್ಲ, ತರಬೇತಿ ಪಡೆದ ನರ್ಸ್ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಮಾನಸಿಕ ಚಿಕಿತ್ಸೆ ಕಲಿಸಬಹುದು ಅಂತ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿದ್ದು ನಮ್ಮ ನಿಮ್ಹಾನ್ಸ್!

ನನ್ನ ಪಟ್ಟಿ ಸಣ್ಣದು:

1. ಪೊಲೀಸರಿಗೆ ಫೋನ್ ಮಾಡುವಾಗಲೇ ಮಾನಸಿಕ ಆರೋಗ್ಯ ಸಿಬ್ಬಂದಿಗೂ ಫೋನ್.
2. ಎಚ್ಚರವಾದ 24 ತಾಸಿನೊಳಗೆ ಒಬ್ಬರು ಏಕಾಂತದಲ್ಲಿ ಕೂತು ಮಾತಾಡಬೇಕು. ತಾಲೂಕಿನಲ್ಲಿ ಆಗದಿದ್ದರೆ ಗದಗ ಇಲ್ಲವೇ ಧಾರವಾಡದ ಡಿಮ್ಹಾನ್ಸ್‌ನಿಂದ ವಿಡಿಯೋದಲ್ಲಿ.
3. ಅದು ಬರೆದಿರದೆ ಡಿಸ್ಚಾರ್ಜ್ ಇಲ್ಲ.
4. ಮನೆಗೆ ಹೋದ ವಾರದೊಳಗೆ ಒಂದು ಫೋನು, ಆಮೇಲೂ ಆಗಾಗ. ಕಾರ್ಡಿನ ಮೇಲೆ ಟೆಲಿ-ಮಾನಸ್ ನಂಬರ್ 14416 ಅಚ್ಚಾಗಿರಬೇಕು (24 ತಾಸೂ ಇರುತ್ತೆ, ಕನ್ನಡದಲ್ಲೂ ಮಾತಾಡ್ತಾರೆ).

ಕಾಲು ಮುರಿದು ಬಂದು, ಮೂರನೇ ದಿನ ಕುಡಿತವಿಲ್ಲದೆ ಕೈ ನಡುಗಿ ಬಡಬಡಿಸುವವರನ್ನು ಮಂಚಕ್ಕೆ ಕಟ್ಟುವ ಬದಲು ಕರೆಯಬೇಕಾದ್ದೂ ಇದೇ ತಂಡವನ್ನು.

ಬ್ಲಾಗಿಗರೇ, ಕಾಮೆಂಟಿನಲ್ಲಿ ‘ಒಳ್ಳೆ ಬರಹ’ ಅಂತ ಬರೀಬೇಡಿ. ಹತ್ತು ರೂಪಾಯಿ ಕೊಟ್ಟು ನಿಮ್ಮ ಜಿಲ್ಲಾ ಆಸ್ಪತ್ರೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಕಳೆದ ವರ್ಷ ಹೀಗೆ ದಾಖಲಾದವರೆಷ್ಟು, ಅವರಲ್ಲಿ ಡಿಸ್ಚಾರ್ಜಿಗೆ ಮೊದಲು ಮಾನಸಿಕ ತಪಾಸಣೆ ಆದದ್ದು ಎಷ್ಟು ಜನಕ್ಕೆ? ಬಂದ ಉತ್ತರವನ್ನು ನಿಮ್ಮ ಬ್ಲಾಗಿನಲ್ಲಿ ಹಾಕಿ.