ಮನಿ ಕೊಟ್ಟಾರಂತ, ಜಾಗಾ ಎಲ್ಲಿ?



ಮೆಹಕರದಿಂದ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ರೇಷನ್ ಕಾರ್ಡು, ಆಧಾರ್ ಕಾರ್ಡು, ಜಾತಿ ಸರ್ಟಿಫಿಕೇಟು, ಬ್ಯಾಂಕಿನ ಪಾಸ್‌ಬುಕ್ಕು. ಎಲ್ಲಿಗೆ ಹೊಂಟಿ ಯವ್ವಾ ಅಂದೆವು. "ಮನಿ ಬಂದದ ಅಂದ್ರಪ್ಪ. ಹೋದ್ರ ಜಾಗದ ಉತಾರ ತಗೊಂಡು ಬಾ ಅಂತಾರ. ಜಾಗಾ ಇದ್ದಿದ್ರ ನಾ ಯಾಕ ಅವರ ಬಾಗಿಲಿಗಿ ಅಡ್ಡಾಡ್ತಿದ್ದೆ?"

ಅಕ್ಷರ ಬಾರದ ಆ ಮುದುಕಿ ಕೇಳಿದ ಈ ಒಂದು ಪ್ರಶ್ನೆಗೆ ಐವತ್ತು ವರ್ಷದ ವಸತಿ ನೀತಿ ಉತ್ತರ ಕೊಟ್ಟಿಲ್ಲ. ಅದಕ್ಕೇ ಈ ಬರಹ.

ಹೆಸರುಗಳಿಗೇನು ಬರ ಇಲ್ಲ. ಮನೆ ಇಲ್ಲದವರಿಗೆ ನಿವೇಶನ ಕೊಡಲು ಜಮೀನು ವಶಪಡಿಸಿಕೊಳ್ಳುವ ಕಾಯ್ದೆ 1972ರದು. ದೇವರಾಜ ಅರಸರ ಕಾಲಕ್ಕೆ ಜನತಾ ಮನೆ ಬಂತು. 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಭೂಹೀನರಿಗೆ ನಿವೇಶನ ಅನ್ನುವುದೂ ಒಂದು ಅಂಶ. 1985ರಲ್ಲಿ ಇಂದಿರಾ ಆವಾಸ್ ಬಂತು. 1991-92ರಲ್ಲಿ ಆಶ್ರಯ ಬಂತು. 2000ದಲ್ಲಿ ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಬಂತು. ನಡುವೆ ಬಸವಣ್ಣನವರ ಹೆಸರು, ಬಾಬಾಸಾಹೇಬರ ಹೆಸರು, ಅರಸರ ಹೆಸರು. ಇವುಗಳಿಂದ ಯಾರಿಗೂ ಮನೆ ಸಿಕ್ಕಿಲ್ಲ ಅಂತ ನಾವು ಸುಳ್ಳು ಹೇಳುವುದಿಲ್ಲ. ಸಿಕ್ಕಿವೆ. ನಮ್ಮಲ್ಲೇ ಎಷ್ಟೋ ಜನ ಆ ಮನೆಗಳಲ್ಲಿ ಹುಟ್ಟಿದವರು. ಅದಕ್ಕೇ ನಮಗೆ ಮಾತಾಡುವ ಹಕ್ಕಿದೆ.

ಆ ಮನೆಗಳನ್ನು ಎಲ್ಲಿ ಕಟ್ಟಿದರು ಅಂತ ಒಮ್ಮೆ ನೋಡ್ರಿ. ಊರು ಒಂದು ಕಡೆ, ಜನತಾ ಕಾಲೊನಿ ಇನ್ನೊಂದು ಕಡೆ. ಮೊದಲು ಊರ ಗೌಡ ನಮ್ಮನ್ನು ಹೊರಗಿಟ್ಟಿದ್ದ. ಆಮೇಲೆ ಸರ್ಕಾರ ಅಳತೆ ಮಾಡಿ, ಕಲ್ಲು ನೆಟ್ಟು, ಮುದ್ರೆ ಒತ್ತಿ ಹೊರಗಿಟ್ಟಿತು. ಹಳೆ ಕೇರಿಗೆ ಹೊಸ ಬೋರ್ಡು ಬಿತ್ತು, ಅಷ್ಟೇ. ಅಸ್ಪೃಶ್ಯತೆಯನ್ನು ಸಂವಿಧಾನ ರದ್ದು ಮಾಡಿತು. ನಕಾಶೆ ಮಾಡುವವನು ಅದನ್ನು ಉಳಿಸಿಕೊಂಡ.

ನಕಾಶೆಯ ಮಾತು ಬಂದಾಗ ನಮ್ಮ ಗಡಿಯಾಚೆಯ ಕಿಲ್ಲಾರಿಯನ್ನು ನೆನೆಯಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು, ಉಸ್ಮಾನಾಬಾದ್ ಕಡೆ ಭೂಮಿ ನಡುಗಿತು. ಸಾವಿರಾರು ಜನ ಕಲ್ಲು ಮಣ್ಣಿನ ಕೆಳಗೆ ಸತ್ತರು. ಭೂಕಂಪಕ್ಕೆ ಜಾತಿ ಗೊತ್ತಿರಲಿಲ್ಲ, ಹೊಲದ ಲೆಕ್ಕವೂ ಗೊತ್ತಿರಲಿಲ್ಲ. ಆದರೆ ಸರ್ಕಾರ ಹೊಸ ಊರು ಕಟ್ಟಲು ಕೂತಾಗ ಮೊದಲು ಕೇಳಿದ್ದು ಹೊಲದ ಲೆಕ್ಕವನ್ನೇ. ಭೂಹೀನನಿಗೆ 250 ಚದರಡಿಯ ಮನೆ. ನಡುವಿನವರಿಗೆ 400. ಏಳು ಹೆಕ್ಟೇರಿಗಿಂತ ಹೆಚ್ಚು ಹೊಲ ಇದ್ದವರಿಗೆ 750. ಎಲ್ಲರ ಮನೆಯೂ ನೆಲಸಮ ಆದ ದಿನ ಸಮಾನತೆಯ ಊರು ಕಟ್ಟುವ ಅವಕಾಶ ಸರ್ಕಾರದ ಕೈಯಲ್ಲಿತ್ತು. ಅದು ಮತ್ತೆ ವಾಡೆಯನ್ನೂ ಗುಡಿಸಲನ್ನೂ ಸಿಮೆಂಟಿನಲ್ಲಿ ಕಟ್ಟಿತು. ಹೊಲ ಇಲ್ಲದವನ ಮಕ್ಕಳಿಗೆ ಕಾಲು ಚಾಚಲು ಕಡಿಮೆ ಜಾಗ ಸಾಕು ಅಂತ ಯಾವ ಶಾಸ್ತ್ರ ಹೇಳುತ್ತದೆ? ಮನುವಿನ ಶಾಸ್ತ್ರವೇ ಹೇಳಬೇಕು.

ಈಗ ರೊಕ್ಕದ ಲೆಕ್ಕಕ್ಕೆ ಬರೋಣ. ಪ್ರಧಾನ ಮಂತ್ರಿ ಆವಾಸ್‌ನಲ್ಲಿ ಬಯಲು ಸೀಮೆಯ ಒಂದು ಮನೆಗೆ 2016ರಲ್ಲಿ ಗೊತ್ತು ಮಾಡಿದ್ದು 1,20,000 ರೂಪಾಯಿ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಅಂದರೆ ಸುಮಾರು 269 ಚದರಡಿ. ಮಾಸ್ತರರೇ, ಈ ಲೆಕ್ಕವನ್ನು ನಿಮ್ಮ ಶಾಲೆಯ ಹಲಗೆ ಮೇಲೆ ಬರೆದು ಹುಡುಗರ ಕೈಲಿ ಮಾಡಿಸಿರಿ. ಚದರಡಿಗೆ 446 ರೂಪಾಯಿ ಬರುತ್ತದೆ. ಕೂಲಿಯ ಹಣ, ಸಂಡಾಸದ ಹಣ ಬೇರೆ ಕೂಡಿಸಿದರೂ ಇಷ್ಟರಲ್ಲಿ ಮನೆ ಏಳುತ್ತದೇನು ಅಂತ ನಿಮ್ಮೂರ ಗೌಂಡಿಯನ್ನು ಕೇಳಿರಿ. ಅವನು ನಗುತ್ತಾನೆ. 2024ರ ಆಗಸ್ಟ್‌ನಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗಲೂ ದರ ಅದೇ 1,20,000. ಎಂಟು ವರ್ಷದಲ್ಲಿ ಸಿಮೆಂಟು, ಕಬ್ಬಿಣ, ಉಸುಕಿನ ರೇಟು ಏರಿತು. ಬಡವನ ಮನೆಯ ರೇಟು ಮಾತ್ರ ಕಂಬಕ್ಕೆ ಕಟ್ಟಿದ ಎಮ್ಮೆಯಂತೆ ಅಲ್ಲೇ ನಿಂತಿತು.

ಇನ್ನು ನಮ್ಮ ನೆಲದ ಗುಣ. ಮಾಂಜ್ರಾ ದಂಡೆಯ ಭಾಲ್ಕಿ, ಔರಾದ್ ಕಡೆ ಎರೆ ಮಣ್ಣಿದೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬ್ಯಾಸಿಗ್ಯಾಗ ಬಿರಿಯುತ್ತದೆ. ಅಂಥ ನೆಲದಲ್ಲಿ ಬುನಾದಿ ಆಳಕ್ಕೆ ಹೋಗದಿದ್ದರೆ ಎರಡು ವರ್ಷದಲ್ಲಿ ಗ್ವಾಡಿ ಸೀಳುತ್ತದೆ. ಆಳಕ್ಕೆ ಹೋದರೆ ಮೊದಲ ಕಂತು ಮಣ್ಣಿನ ಒಳಗೇ ಮುಗಿಯುತ್ತದೆ. ಗುಡ್ಡಗಾಡಿಗೆ 10,000 ರೂಪಾಯಿ ಹೆಚ್ಚು ಕೊಡುವ ಸರ್ಕಾರಕ್ಕೆ ಎರೆ ಹೊಲದ ಸುದ್ದಿ ಗೊತ್ತಿಲ್ಲವೆ? ಬುನಾದಿ ಎದ್ದ ಮೇಲೇ ಫೋಟೋ, ಫೋಟೋ ಏರಿದ ಮೇಲೇ ಮುಂದಿನ ಕಂತು. ಅಲ್ಲಿಯವರೆಗೆ ಕೈಸಾಲ. ಸಾಲ ಕೊಡುವವ ಯಾರು? ಹಳೇ ಸಾಹುಕಾರನೇ. ಮನಿ ಕೊಟ್ಟು ಸಾಲದಾಗ ಕೆಡವಿದರೆ ಅದು ಯಾವ ಉದ್ಧಾರ?

ಸಾಲ ತೀರಿಸಲು ನಮ್ಮವರು ಹೈದರಾಬಾದು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಅಲ್ಲಿ ಮಾಡುವ ಕೆಲಸ ಏನು? ಮನೆ ಕಟ್ಟುವುದು! ಹತ್ತು ಅಂತಸ್ತಿನ ಮೇಲೆ ಇಟ್ಟಿಗೆ ಹೊರುವವರಿಗೆ ತಮ್ಮೂರಲ್ಲಿ ಒಂದು ಅಂತಸ್ತಿಲ್ಲ. ಅವರು ಇಲ್ಲದ ಹೊತ್ತಿನಲ್ಲಿ ಪಂಚಾಯ್ತಿಯವರು ಬಂದು ಮನೆಗೆ ಬೀಗ ಇದೆ ಅಂತ ಬರಕೊಂಡು ಹೋದರೆ ಹೆಸರೂ ಹೋಯಿತು.

ಭಾಲ್ಕಿ ತಾಲೂಕಿನ ಮನೆ ಹಂಚಿಕೆ ಬಗ್ಗೆ ಆರೋಪ, ಪ್ರತ್ಯಾರೋಪ, ತನಿಖೆ ಎಲ್ಲ ಪೇಪರಿನಲ್ಲಿ ಬಂದವು. ಯಾರು ಸಾಚಾ, ಯಾರು ಖೋಟಾ ಅಂತ ನಾವಿಲ್ಲಿ ತೀರ್ಪು ಕೊಡುವುದಿಲ್ಲ. ನಮ್ಮ ಪ್ರಶ್ನೆ ಒಂದೇ. ದೊಡ್ಡವರ ಜಗಳ ಮುಗಿಯುವ ತನಕ ಅರ್ಧ ಎದ್ದ ಗ್ವಾಡಿಯ ಮೇಲೆ ಬೀಳುವ ಮಳೆಗೆ ಜವಾಬ್ದಾರಿ ಯಾರು? ತಪ್ಪು ಮಾಡಿದವರನ್ನು ಹಿಡಿಯಿರಿ. ಮನೆ ಇಲ್ಲದವನ ಕಂತು ಹಿಡಿಯಬೇಡಿ.

ರೋಗದ ಮೂಲ ಭೂಮಿಯಲ್ಲಿದೆ. ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1942ರ ಜುಲೈ ತಿಂಗಳ ನಾಗಪುರ ಸಮ್ಮೇಳನದಲ್ಲಿ ದಲಿತರಿಗೆ ಪ್ರತ್ಯೇಕ ಗ್ರಾಮಗಳು ಬೇಕೆಂಬ ಠರಾವು ಆಯಿತು. 1947ರ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಬರಹದಲ್ಲಿ ಸರ್ಕಾರದ ಖಾಲಿ ಭೂಮಿಯಲ್ಲಿ ದಲಿತರನ್ನು ನೆಲೆಗೊಳಿಸಲು ಒಂದು ಆಯೋಗವನ್ನೇ ಅವರು ಕೇಳಿದರು. ಅವರು ಕೇಳಿದ್ದು ತಗಡಿನ ಸೂರಲ್ಲ, ಯಾರ ಹಂಗೂ ಇಲ್ಲದೆ ಬದುಕುವ ನೆಲ. ಗೌಡನ ಜಾಗದಲ್ಲಿ ಗುಡಿಸಲು ಹಾಕಿದವನು ಗೌಡನ ವಿರುದ್ಧ ಸಾಕ್ಷಿ ಹೇಳುತ್ತಾನೆಯೆ? ವೋಟನ್ನು ತನ್ನ ಮನಸ್ಸಿನಂತೆ ಹಾಕುತ್ತಾನೆಯೆ? ಕೂಲಿ ಹೆಚ್ಚು ಕೇಳುತ್ತಾನೆಯೆ? ಜಾಗಾ ಯಾರದೋ ನಾಲಿಗೆಯೂ ಅವರದು. ಉಳ್ಳವರು ನಿವೇಶನಕ್ಕೆ ಅಡ್ಡ ನಿಲ್ಲುವುದು ಇದಕ್ಕೇ.

ಭೂಮಿ ಇಲ್ಲ ಅಂತ ಸಾಹೇಬರು ಹೇಳುತ್ತಾರೆ. ಗಾಯರಾಣ ಯಾರ ಉಳುಮೆಯಲ್ಲಿದೆ, ಪಟ್ಟಿ ಹಚ್ಚಿರಿ ನೋಡೋಣ. ಉತ್ತರ ಪ್ರದೇಶದಲ್ಲಿ ದಲಿತರ ಮನೆಗಾಗಿ ಜಮೀನು ತಗೊಂಡಾಗ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1995ರ ಚಮೇಲಿ ಸಿಂಗ್ ಮೊಕದ್ದಮೆಯಲ್ಲಿ ಕೋರ್ಟು ಸ್ವಾಧೀನವನ್ನು ಎತ್ತಿ ಹಿಡಿಯಿತು. ಆಸರೆ ಅನ್ನುವುದು ಬದುಕುವ ಹಕ್ಕಿನ ಭಾಗ, ಅದು ಬರೀ ಸೂರಲ್ಲ, ಗಾಳಿ, ಬೆಳಕು, ನೀರು, ರಸ್ತೆ ಕೂಡಿದ್ದು ಎಂದಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಬೀದರ ಸಹಿತ ಐದು ಜಿಲ್ಲೆಗಳ ತಾಂಡಾ ಮತ್ತಿತರ ದಾಖಲೆಯಿಲ್ಲದ ವಸತಿಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಬಂಜಾರ ಬಂಧುಗಳಿಗೆ ಸಿಕ್ಕದ್ದು ನಮಗೆ ಸಂತೋಷವೇ. ವಾಸಿಸುವವನೇ ಒಡೆಯ ಅನ್ನುವ ನ್ಯಾಯ ತಾಂಡಾಕ್ಕೆ ಸರಿ ಆದರೆ ಗೌಡನ ಜಾಗದಲ್ಲಿರುವ ಕೇರಿಯ ಗುಡಿಸಲಿಗೆ ಯಾಕೆ ಸರಿ ಅಲ್ಲ?

ಆದ್ದರಿಂದ ನಾವು ಹೇಳುವುದು ಇಷ್ಟು. ಮೊದಲು ಜಾಗಾ, ಆಮೇಲೆ ಮನಿ. ಜಾಗಾ ಊರಿನೊಳಗೆ ಅಥವಾ ಊರಿಗೆ ಹತ್ತಿ ಇರಲಿ, ಹಳ್ಳದ ದಂಡೆಗೆ ಬೇಡ. ಸರ್ಕಾರಿ ಭೂಮಿ ಇಲ್ಲದಿದ್ದರೆ ಖಾಸಗಿ ಜಮೀನು ಖರೀದಿಸಲಿ. ಹಕ್ಕುಪತ್ರ ಹೆಣ್ಣುಮಗಳ ಹೆಸರಿಗೂ ಇರಲಿ. ದರ ವರ್ಷ ವರ್ಷ ಬದಲಾಗಲಿ, ಎರೆ ಮಣ್ಣಿಗೆ ಬೇರೆ ದರ ಇರಲಿ. ಗುಳೆ ಹೋದವರ ಹೆಸರು ತೆಗೆಯಬಾರದು.

ಇದನ್ನು ಯಾರೂ ತಂದು ಕೊಡುವುದಿಲ್ಲ. ಮುಂದಿನ ಗ್ರಾಮಸಭೆಗೆ ಹೋಗೋಣ. ಕಾಗದದ ಮೇಲಿನ ಸಭೆಗೆ ಹೆಬ್ಬೆಟ್ಟು ಒತ್ತಬೇಡಿ. ವಿದ್ಯಾರ್ಥಿಗಳು ಫಲಾನುಭವಿಗಳ ಪಟ್ಟಿಯನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಲಿ. ಸರ್ಕಾರಿ ಜಾಗದಲ್ಲಿ ಮನೆ ಇದ್ದವರ 94ಸಿ ಅರ್ಜಿಯನ್ನು ಮಾಸ್ತರರು ಬರೆದುಕೊಡಲಿ. ಅರ್ಜಿ ಕೊಟ್ಟವರು ರಸೀದಿ ಇಲ್ಲದೆ ವಾಪಸು ಬರಬಾರದು.

ಆ ಮುದುಕಿ ಭಾಲ್ಕಿಯಲ್ಲಿ ಇಳಿದು ಚೀಲ ಅವುಚಿಕೊಂಡು ಒಬ್ಬಳೇ ಕಚೇರಿ ಕಡೆ ನಡೆದಳು. ಮುಂದಿನ ಸಲ ಅವಳು ಒಬ್ಬಳೇ ಹೋಗಬಾರದು.