ಹಳೆಯ ಸ್ಪೀಕರ್ ಕರಕರ ಅನ್ನುತ್ತಿದೆಯೇ? ‘ಮ್ಯಾಗ್ನೆಟ್ ವೀಕ್’ ಎಂದು ಗುಜರಿಗೆ ಹಾಕುವ ಮೊದಲು ಇದನ್ನು ಓದಿ

“ಹಳೆಯ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು ಬರುತ್ತಿದೆಯೇ? ತ್ರೀ ಪಿನ್ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ, ಸದ್ದು ಮಾಯ!” ಕಳೆದ ಮಳೆಗಾಲದಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬಂದ ವಿಡಿಯೊದ ಸಾರ ಇದು. ಬೆಳ್ತಂಗಡಿಯ ಮಾವ ಅದನ್ನು ನೋಡಿ ಹಾಗೆಯೇ ಮಾಡಿದರು. ಸದ್ದು ನಿಜಕ್ಕೂ ನಿಂತಿತು. ಎರಡು ದಿನ ಬಿಟ್ಟು ಒದ್ದೆ ಕೈಯಲ್ಲಿ ಆಂಪ್ಲಿಫೈಯರ್ ಮುಟ್ಟಿದಾಗ ಕೈ ಜುಂ ಅಂದಿತು. “ಮಳೆಗೆ ಹಾಗೆ ಆಗುತ್ತದೆ ಮಾರಾಯ” ಎಂದು ಅವರು ಸುಮ್ಮನಾದರು. ನನಗೆ ಸುಮ್ಮನಿರಲು ಆಗಲಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳ ಚಾವಡಿಯಲ್ಲಿ ಇಂಥ ಜೋಡಿ ಪೆಟ್ಟಿಗೆಗಳು ಇನ್ನೂ ಇವೆ. ಮುಂಬೈಗೋ ಗಲ್ಫ್‌ಗೋ ಹೋದವರು ತಂದಿದ್ದು, ಇಲ್ಲವೇ 80-90ರ ದಶಕದಲ್ಲಿ ಮಂಗಳೂರಿನಲ್ಲಿ ಕೊಂಡಿದ್ದು. ಯಕ್ಷಗಾನದ ಕ್ಯಾಸೆಟ್ ಹಾಕಿದರೆ ಚೆಂಡೆಯ ಪೆಟ್ಟು ಎದೆಗೆ ತಾಗುತ್ತಿದ್ದ ಪೆಟ್ಟಿಗೆಗಳು ಈಗ ಕರಕರ ಎನ್ನುತ್ತವೆ. ಅವನ್ನು ಸರಿಮಾಡುವ ಫಾರ್ವರ್ಡ್‌ಗಳಿಗಂತೂ ಬರವಿಲ್ಲ.

ಆ ವಿಡಿಯೊ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅಪಾಯ ಇರುವುದೂ ಅಲ್ಲೇ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಆಂಪ್ಲಿಫೈಯರ್‌ಗೆ ಒಂದು ಅರ್ತ್ ಇರುತ್ತದೆ. ಅದಕ್ಕೆ ಕೇಬಲ್‌ನಿಂದ ಜೋಡಿಸಿದ ಟಿವಿ, ಕಂಪ್ಯೂಟರ್ ಅಥವಾ ಡಿಶ್‌ಗೆ ಇನ್ನೊಂದು ದಾರಿಯಲ್ಲಿ ಅರ್ತ್ ಸಿಕ್ಕಿದರೆ, ಎರಡರ ನಡುವೆ ಒಂದು ಸುತ್ತು ಏರ್ಪಟ್ಟು ಸಣ್ಣ ಕರೆಂಟು ಹರಿಯುತ್ತದೆ. ಅದೇ ಸ್ಪೀಕರ್‌ನಲ್ಲಿ ಗುಂಯ್ ಎಂದು ಕೇಳುವುದು. ದಪ್ಪ ಪಿನ್ ತೆಗೆದರೆ ಸುತ್ತು ಕಡಿದು ಸದ್ದು ನಿಲ್ಲುತ್ತದೆ.

ಆದರೆ ಆ ಪಿನ್ ಇರುವುದು ಸದ್ದಿಗಾಗಿ ಅಲ್ಲ. ಒಳಗೆ ಹಳೆಯ ವಯರಿನ ಹೊದಿಕೆ ಬಿರಿದು ಲೋಹದ ಮೈಗೆ 230 ವೋಲ್ಟ್ ತಾಗಿತು ಎನ್ನಿ. ಅರ್ತ್ ಇದ್ದರೆ ಭಾರಿ ಕರೆಂಟು ಅದರ ಮೂಲಕ ಹರಿದು ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಇಲ್ಲದಿದ್ದರೆ ಮೈ ಹಾಗೆಯೇ ಕಾದಿರುತ್ತದೆ, ಮೊದಲು ಮುಟ್ಟಿದವರ ದೇಹವೇ ದಾರಿ. ಜುಂ ಎನ್ನುವುದು ಕೆಲವೊಮ್ಮೆ ಒಳಗಿನ ಬಿಡಿಭಾಗಗಳಿಂದ ಸೋರುವ ಅತಿ ಸಣ್ಣ ಕರೆಂಟಷ್ಟೇ ಇರಬಹುದು, ಆದರೆ ಅದು ಯಾವುದು ಎಂದು ಬೆರಳಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಕಂಪನಿಯೇ ತ್ರೀ ಪಿನ್ ಕೊಟ್ಟ ಯಾವ ಉಪಕರಣದ ಪಿನ್ನನ್ನೂ ತೆಗೆಯಬೇಡಿ, ತೆಗೆದಿದ್ದರೆ ಇವತ್ತೇ ಹೊಸ ಪ್ಲಗ್ ಹಾಕಿಸಿ. ಮೊದಲಿನಿಂದಲೇ ಟೂ ಪಿನ್ ಇರುವ ಹಳೆಯ ಸೆಟ್‌ಗಳ ವಿಷಯ ಬೇರೆ.

ಗುಂಯ್ ನಿಲ್ಲಿಸುವ ಸರಿಯಾದ ದಾರಿ ಹೀಗಿದೆ. ಆಂಪ್ಲಿಫೈಯರ್‌ಗೆ ಬರುವ ಕೇಬಲ್‌ಗಳನ್ನು ಒಂದೊಂದಾಗಿ ಕಳಚುತ್ತಾ ಬನ್ನಿ, ಪ್ರತಿ ಸಲವೂ ಆಫ್ ಮಾಡಿಯೇ. ಯಾವುದನ್ನು ಕಳಚಿದಾಗ ನಿಂತಿತೋ ಅದೇ ಮೂಲ. ಎಷ್ಟೋ ಕಡೆ ಅದು ಡಿಶ್ ಕೇಬಲ್ ಇರುವ ಸೆಟ್‌ಟಾಪ್ ಬಾಕ್ಸ್. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಆಗಲೂ ಹೋಗದಿದ್ದರೆ ಆಡಿಯೊ ಕೇಬಲ್ ನಡುವೆ ಹಾಕುವ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಅದು ಹಾಡನ್ನು ದಾಟಿಸಿ ಆ ಸುತ್ತನ್ನು ಮಾತ್ರ ಕಡಿಯುತ್ತದೆ, ಅರ್ತ್ ಇದ್ದಲ್ಲೇ ಇರುತ್ತದೆ. ಎಲ್ಲ ಕೇಬಲ್ ಕಳಚಿದರೂ ಗುಂಯ್ ಇದ್ದರೆ ದೋಷ ಆಂಪ್ಲಿಫೈಯರ್ ಒಳಗೆ, ಬಹುಪಾಲು ಪವರ್ ಸಪ್ಲೈಯ ಒಣಗಿದ ದೊಡ್ಡ ಕೆಪಾಸಿಟರ್‌ಗಳಲ್ಲಿ. ಪ್ಲಗ್ ತೆಗೆದ ಮೇಲೂ ಅವು ಚಾರ್ಜ್ ಹಿಡಿದಿಟ್ಟುಕೊಂಡಿರುತ್ತವೆ. ಅದನ್ನು ಮೆಕ್ಯಾನಿಕ್‌ಗೇ ಬಿಡಿ.

ಇದಿಷ್ಟು ಗುಂಯ್ ಕಥೆ. ಮಾವನ ಪೆಟ್ಟಿಗೆಯಲ್ಲಿ ಕರಕರ ಬೇರೆಯೇ ಇತ್ತು. ಅದಕ್ಕೆ ಪೇಟೆಯ ಅಂಗಡಿಯವರೊಬ್ಬರು “ಮ್ಯಾಗ್ನೆಟ್ ವೀಕ್ ಆಗಿದೆ, ಹೊಸದೇ ತಗೊಳ್ಳಿ” ಎಂದಿದ್ದರಂತೆ.

ಈ ‘ಮ್ಯಾಗ್ನೆಟ್ ವೀಕ್’ ಮಾತನ್ನು ನೀವೂ ಕೇಳಿರುತ್ತೀರಿ. ಆ ಕಾಲದ ಹೆಚ್ಚಿನ ಹೈಫೈ ವೂಫರ್‌ಗಳ ಹಿಂದೆ ಇರುವುದು ಫೆರೈಟ್ ಎಂಬ ಕಪ್ಪು ಬಳೆಯಂಥ ಆಯಸ್ಕಾಂತ. ಮನೆಯ ಬಳಕೆಯಲ್ಲಿ 30-40 ವರ್ಷ ಕಳೆದರೂ ಕಿವಿಗೆ ತಿಳಿಯುವಷ್ಟು ಅದರ ಶಕ್ತಿ ಕುಗ್ಗುವುದಿಲ್ಲ. ಇನ್ನೂ ಹಳೆಯ ಆಲ್ನಿಕೊ ಆಯಸ್ಕಾಂತಗಳು ಸ್ವಲ್ಪ ಶಕ್ತಿ ಕಳೆದುಕೊಳ್ಳುವುದುಂಟು. ಹಾಗಾದರೂ ಸ್ವರ ಸಣ್ಣದಾಗುತ್ತದೆಯೇ ಹೊರತು ಕರಕರ ಬರುವುದಿಲ್ಲ.

ಹಾಗಾದರೆ ಹಾಳಾಗುವುದು ಯಾವುದು? ಪೆಟ್ಟಿಗೆಯ ಮುಂದಿನ ಬಟ್ಟೆಯ ಚೌಕಟ್ಟು ತೆಗೆದು ಟಾರ್ಚ್ ಹಿಡಿದು ನೋಡಿ. ಕಾಗದದ ಕೋನ್‌ನ ಅಂಚಿಗೆ, ಲೋಹದ ಚೌಕಟ್ಟಿಗೆ ಸೇರುವಲ್ಲಿ, ಸುತ್ತಲೂ ಒಂದು ಮೆತ್ತನೆಯ ಉಂಗುರ ಇರುತ್ತದೆ. ಆಗಿನ ಅನೇಕ ಸ್ಪೀಕರ್‌ಗಳಲ್ಲಿ ಅದು ಪಾಲಿಯುರೆಥೇನ್ ಫೋಮ್. ಗಾಳಿಯ ತೇವದ ಜೊತೆ ವರ್ತಿಸಿ ಈ ಫೋಮ್ ನಿಧಾನವಾಗಿ ಒಡೆಯುತ್ತದೆ. ಮೊದಲು ಅಂಟಂಟು, ಆಮೇಲೆ ಮುಟ್ಟಿದರೆ ಹುಡಿ. ಬಳಸಿದರೂ ಬಳಸದಿದ್ದರೂ 15-20 ವರ್ಷದಲ್ಲಿ ಹೋಗುವುದು ಸಾಮಾನ್ಯ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಆಟಿ ತಿಂಗಳಲ್ಲಿ ಕಪಾಟಿನ ಬಟ್ಟೆಗೂ ಬೂಸ್ಟ್ ಹಿಡಿಯುವ ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಹೆಚ್ಚು ಆಯುಷ್ಯ ಬಯಸುವಂತಿಲ್ಲ. “ಜೋಪಾನವಾಗಿ ಮುಚ್ಚಿಟ್ಟಿದ್ದೆವು, ಆದರೂ ಹಾಳಾಯಿತು” ಎಂದು ಮಾವ ಬೇಸರಪಟ್ಟಿದ್ದು ಇದಕ್ಕೇ.

ಉಂಗುರ ಹರಿದರೆ ಕೋನ್ ನಡು ತಪ್ಪುತ್ತದೆ. ಅದರ ಹಿಂದೆ ಇರುವ ವಾಯ್ಸ್ ಕಾಯಿಲ್, ಆಯಸ್ಕಾಂತದ ಬಹಳ ಕಿರಿದಾದ ಸಂದಿಯಲ್ಲಿ ಎಲ್ಲಿಯೂ ತಾಗದೆ ಹಿಂದೆ ಮುಂದೆ ಓಡಾಡಬೇಕು. ನಡು ತಪ್ಪಿದಾಗ ಉಜ್ಜುತ್ತದೆ. ಇದೇ ಕರಕರ.

ಸ್ಪೀಕರ್‌ನದ್ದೋ ಆಂಪ್ಲಿಫೈಯರ್‌ನದ್ದೋ ಎಂದು ತಿಳಿಯಲು ಪೈಸೆ ಖರ್ಚಿಲ್ಲದ ಪರೀಕ್ಷೆ ಇದೆ. ಎಲ್ಲವನ್ನೂ ಆಫ್ ಮಾಡಿ, ಎಡ ಬಲದ ಸ್ಪೀಕರ್ ವಯರ್‌ಗಳನ್ನು ಆಂಪ್ಲಿಫೈಯರ್ ಹಿಂದೆ ಅದಲು ಬದಲು ಮಾಡಿ. ಸದ್ದು ಮೊದಲಿನ ಪೆಟ್ಟಿಗೆಯಲ್ಲೇ ಉಳಿದರೆ ತೊಂದರೆ ಆ ಪೆಟ್ಟಿಗೆ ಅಥವಾ ಅದರ ವಯರಿನದು. ಇನ್ನೊಂದು ಪೆಟ್ಟಿಗೆಗೆ ಹಾರಿದರೆ ಪೆಟ್ಟಿಗೆಗಳು ನಿರಪರಾಧಿಗಳು, ಹುಡುಕಬೇಕಾದದ್ದು ಆಂಪ್ಲಿಫೈಯರ್ ಮತ್ತು ಅದರ ಹಿಂದಿನದನ್ನು. ಪೆಟ್ಟಿಗೆಯದೇ ಎಂದಾದರೆ, ಕೋನ್‌ನ ನಡುವಿನ ಗುಂಡು ಮುಚ್ಚಳ ಬಿಟ್ಟು ಅದರ ಸುತ್ತ ಎರಡೂ ಕೈಯ ಬೆರಳುಗಳನ್ನು ಸಮನಾಗಿ ಇಟ್ಟು ಬಹಳ ಮೆಲ್ಲಗೆ ಒಳಕ್ಕೆ ಒತ್ತಿ. ಕಿವಿ ಹತ್ತಿರ ತಂದರೆ ಮರಳು ಕಾಗದ ಉಜ್ಜಿದಂತೆ ಕೇಳಿಸುತ್ತದೆಯೇ? ಅಲ್ಲೇ ಇದೆ. ಟ್ವೀಟರನ್ನು ಮಾತ್ರ ಹೀಗೆ ಒತ್ತಬೇಡಿ, ಅದು ತಾಳುವುದಿಲ್ಲ.

ಹಾಳಾದ ಉಂಗುರವನ್ನಷ್ಟೇ ಬದಲಿಸಬಹುದು. ಸ್ಪೀಕರ್‌ನ ಅಳತೆಗೆ ಸರಿಯಾದ ಫೋಮ್ ಅಥವಾ ರಬ್ಬರ್ ಉಂಗುರ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅವಸರದಲ್ಲಿ ಫೆವಿಕ್ವಿಕ್ ಹಾಕಿದರೆ ಅದು ಗಾಜಿನಂತೆ ಗಟ್ಟಿಯಾಗಿ, ಅಲುಗಾಡಬೇಕಾದ ಜಾಗವೇ ಬಿರಿಯುತ್ತದೆ. ಬೇಕಾದದ್ದು ಒಣಗಿದ ಮೇಲೂ ಬಾಗುವ ಅಂಟು. ಮುಖ್ಯ ಕೆಲಸ ಎಂದರೆ ಕೋನನ್ನು ಸರಿಯಾಗಿ ನಡುವಿಗೆ ತರುವುದು. ಗುಂಡು ಮುಚ್ಚಳ ಬಿಡಿಸಿ, ಕಾಯಿಲ್ ಮತ್ತು ನಡುವಿನ ಕಬ್ಬಿಣದ ನಡುವೆ ಹಳೆಯ ಎಕ್ಸ್-ರೇ ಫಿಲ್ಮಿನ ತೆಳು ಪಟ್ಟಿಗಳನ್ನು ಸುತ್ತಲೂ ತೂರಿಸಿ, ಅಂಟು ಒಣಗಿದ ಮೇಲೆ ತೆಗೆದು ಮುಚ್ಚಳ ಅಂಟಿಸಬೇಕು. ನಾನು ಮೊದಲ ಸಲ ಪಟ್ಟಿ ಹಾಕದೆ ಅಂಟಿಸಿ, ಮತ್ತೆ ಕಿತ್ತು ಮಾಡಿದ್ದೇನೆ. ಅತಿಯಾಗಿ ಜೋರಾಗಿ ಹಾಕಿ ಕಾಯಿಲ್ ಸುಟ್ಟು ಉಬ್ಬಿದ್ದರೆ ಉಂಗುರ ಬದಲಿಸಿ ಪ್ರಯೋಜನವಿಲ್ಲ, ಕಾಯಿಲನ್ನೇ ಹೊಸದಾಗಿ ಹಾಕಿಸಬೇಕು.

ಹರಿಯದ ರಬ್ಬರ್ ಉಂಗುರಕ್ಕೆ ತೆಂಗಿನೆಣ್ಣೆ ಸವರುವ ಸಲಹೆಯೂ ನನ್ನ ಫೋನಿಗೆ ಬಂದಿದೆ. ನಮ್ಮೂರಲ್ಲಿ ತೆಂಗಿನೆಣ್ಣೆಗೆ ಆಗದ ಕೆಲಸ ಇಲ್ಲ, ಆದರೆ ಇಲ್ಲಿ ಬೇಡ. ಎಣ್ಣೆ ರಬ್ಬರನ್ನು ಉಬ್ಬಿಸಿ ಸಡಿಲಮಾಡಬಹುದು, ಕಾಗದದ ಕೋನ್‌ಗೆ ಹೀರಿಕೊಂಡರೆ ಅದೂ ಮೆತ್ತಗಾಗುತ್ತದೆ.

ಇನ್ನೊಂದು ಜನಪ್ರಿಯ ಫಾರ್ವರ್ಡ್: “ಈ ಶಬ್ದ ಪ್ಲೇ ಮಾಡಿ, ಸ್ಪೀಕರ್‌ನ ಧೂಳು ನೀರು ಎಲ್ಲ ಹೊರಬರುತ್ತದೆ.” ಇದರಲ್ಲೂ ಒಂದು ಕಾಳು ಸತ್ಯ ಇದೆ. 2016ರಲ್ಲಿ ಬಂದ ಆ್ಯಪಲ್ ವಾಚ್ ಸೀರೀಸ್ 2, ಈಜಿದ ನಂತರ ಶಬ್ದ ಹೊರಡಿಸಿ ತನ್ನ ಪುಟ್ಟ ಸ್ಪೀಕರ್‌ನ ನೀರನ್ನು ಹೊರದೂಡುತ್ತಿತ್ತು. ಫೋನ್‌ಗೆ ಬೇಕಾದರೆ ಪ್ರಯತ್ನಿಸಿ. ಹೈಫೈ ವೂಫರ್‌ನ ಕಾಯಿಲ್ ಸಂದಿಗೆ ಸೇರಿದ ಕಬ್ಬಿಣದ ಹುಡಿ ಆಯಸ್ಕಾಂತಕ್ಕೇ ಅಂಟಿಕೊಂಡಿರುತ್ತದೆ. ಅದು ಶಬ್ದಕ್ಕೆ ಹೆದರಿ ಹೊರಬರುವುದಿಲ್ಲ.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಪರಪರ ಬಂದರೆ ಅದು ತಿರುಗುಗುಂಡಿಯ ಒಳಗಿನ ಕೊಳೆ. ಪ್ಲಗ್ ತೆಗೆದು, ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಒಂದಿಷ್ಟು ಹೊಡೆದು ಹತ್ತಿಪ್ಪತ್ತು ಬಾರಿ ತಿರುಗಿಸಿ. ಬಾಗಿಲಿನ ಕೀಲಿಗೆ ಹಾಕುವ ಸ್ಪ್ರೇ ಬೇಡ, ಅದರ ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತದೆ. ಬಿಟ್ಟು ಬಿಟ್ಟು ಸದ್ದು ಬರುತ್ತಿದ್ದರೆ ವಯರ್ ತುದಿ ನೋಡಿ. ತಾಮ್ರ ಹಸಿರುಗಟ್ಟಿದ್ದರೆ ಅಷ್ಟು ಕತ್ತರಿಸಿ ಹೊಸದಾಗಿ ಸುಲಿಯಿರಿ.

ಝಣಝಣ ಸದ್ದು ಮಾತ್ರ ಬಹಳ ಮೋಸಗಾರ. ಫೋನ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಸಣ್ಣ ವಾಲ್ಯೂಮ್‌ನಲ್ಲಿ 30ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸುತ್ತಾ ಹೋಗಿ. ಸದ್ದು ಬಂದ ಕಡೆ ನಿಲ್ಲಿಸಿ ಒಂದೊಂದೇ ಜಾಗ ಕೈಯಲ್ಲಿ ಒತ್ತಿ ನೋಡಿ: ಸ್ಕ್ರೂಗಳು, ಹಿಂದಿನ ವಯರ್ ಪ್ಲೇಟು, ಗುಂಡು ಮುಚ್ಚಳ. ಗಾಳಿ ಬರುವ ತೂತಿನೊಳಗೆ ಟಾರ್ಚ್ ಬಿಡಿ, ಕಣಜ ಮಣ್ಣಿನ ಗೂಡು ಕಟ್ಟಿರಬಹುದು. 2019ರ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿದಾಗ ನೀರು ನುಗ್ಗಿದ ಮನೆಯ ಪೆಟ್ಟಿಗೆಯಾದರೆ ಮೂಲೆಗಳನ್ನೂ ನೋಡಿ. ಒತ್ತುಹುಡಿಯ ಹಲಗೆ ನೀರು ಕುಡಿದು ಉಬ್ಬಿದರೆ ಮೊದಲಿನಂತಾಗದು, ಸ್ಪೀಕರ್‌ಗಳನ್ನು ಬಿಚ್ಚಿ ಹೊಸ ಪೆಟ್ಟಿಗೆಗೆ ಹಾಕುವುದೇ ಸರಿ. ಮಾವನ ಮನೆಯಲ್ಲಿ ಅರ್ಧ ಗಂಟೆ ಹುಡುಕಿದ ಝಣಝಣ ಕೊನೆಗೆ ಸಿಕ್ಕಿದ್ದು ಶೋಕೇಸಿನ ಸ್ಟೀಲ್ ಲೋಟಗಳಲ್ಲಿ.

ಅವರ ಆಂಪ್ಲಿಫೈಯರ್‌ಗೆ ಈಗ ಹೊಸ ತ್ರೀ ಪಿನ್ ಪ್ಲಗ್ ಇದೆ, ಮನೆಯ ಅರ್ತಿಂಗ್ ಅನ್ನು ವಯರಿಂಗ್‌ನವರು ನೋಡಿ ಸರಿಮಾಡಿ ಹೋಗಿದ್ದಾರೆ. ಎರಡೂ ವೂಫರ್‌ಗೆ ಹೊಸ ಉಂಗುರ. ಕ್ಯಾಸೆಟ್ ಹಾಕಿದಾಗ ಹಿಂದೆ ಸಣ್ಣಗೆ ‘ಸ್ಸ್’ ಎಂಬ ಸದ್ದು ಇನ್ನೂ ಇದೆಯಲ್ಲ ಎಂದು ಮಾವ ಕೇಳಿದರು. ಕ್ಯಾಸೆಟ್ ನಿಲ್ಲಿಸಿದೆ, ಅದೂ ನಿಂತಿತು. ಅದು ಟೇಪಿನದೇ, ಅವರು ಕೊಂಡ ದಿನದಿಂದಲೂ ಅದರಲ್ಲಿತ್ತು.